ಮಣೂಕ ಚಲೋ, ಡಬ್ಬಿ ಮೇಲೆ ಊರಿನ ಹೆಸರಿಲ್ಲ

ವಿಜಯಪುರದ ಗಾಂಧಿ ಚೌಕಿನಿಂದ ಎರಡು ನಿಮಿಷ ಒಳಗೆ ನಡೆದರೆ ಈ ಒಣಹಣ್ಣಿನ ಅಂಗಡಿ. ಹೆಸರು ಬರೆಯುವುದಿಲ್ಲ. ತೂಕದಲ್ಲಿ ಮೋಸವಿಲ್ಲ, ತಿಂದು ನೋಡಲು ಕಾಕಾ ಧಾರಾಳವಾಗಿ ಕೊಡುತ್ತಾರೆ. ಗೋಡಂಬಿ, ಬದಾಮಿ ಎಲ್ಲ ಕಡೆ ಇದ್ದ ಹಾಗೇ ಇವೆ.

ನಾನು ಹೋಗಿದ್ದು ಮಣೂಕಕ್ಕೆ, ಅಂದರೆ ಒಣದ್ರಾಕ್ಷಿಗೆ. ತಂಗಿಯ ಕುಬಸಕ್ಕೆ ಉಂಡಿ ಕಟ್ಟಬೇಕಿತ್ತು. ತಿಕೋಟಾ ಕಡೆ ಅಪ್ಪನದು ಮೂರು ಎಕರೆ ದ್ರಾಕ್ಷಿ ಇದ್ದೂ ಕೊಂಡು ತರೋದಾ ಅಂತ ನಗಬೇಡಿ. ನಮ್ಮ ಮಾಲೆಲ್ಲ ಕೋಲ್ಡ್ ಸ್ಟೋರೇಜಿನಲ್ಲಿ ಕೂತು ದರಕ್ಕೆ ಕಾಯುತ್ತಿದೆ.

ಮೂರು ಗಾಜಿನ ಡಬ್ಬಿ, ಮೂರರಲ್ಲೂ ಹಸಿರು ಮಣೂಕ. ಮೂರನೆಯದು ಉದ್ದಕ್ಕಿತ್ತು. ಉದ್ದ ಕಾಳಿನ ಸೋನಾಕಾ ತಳಿ ಇರಬಹುದು ಅಂದುಕೊಂಡೆ, ಆದರೆ ಬೆರಳಲ್ಲಿ ತಿಕ್ಕಿದರೆ ನಮ್ಮ ಶೆಡ್ಡಿನ ಕಾಳಿನ ಎಣ್ಣೆ ಜಿಡ್ಡು ಹತ್ತಲಿಲ್ಲ. ನಾವು ಗೊನೆಯನ್ನು ಡಿಪ್ಪಿಂಗ್ ಎಣ್ಣೆಯಲ್ಲಿ ಅದ್ದಿ ಬಲೆಯ ಮೇಲೆ ಒಣಗಿಸುವವರು, ಕೈಗೆ ಗೊತ್ತಾಗುತ್ತದೆ.

"ಕಾಕಾ, ಇದು ಯಾವೂರಿಂದರೀ?"

"ಕಂದಹಾರದ್ದರೀ ಅಕ್ಕಾರ. ಕಿಲೋಕ್ಕ ಅರವತ್ತು ರೂಪಾಯಿ ಕಡಿಮಿ ಬೀಳತೈತಿ. ಕೇಳಿದ್ರ ಹೇಳತೀನಿ, ಯಾರೂ ಕೇಳೂದಿಲ್ಲ."

ನನ್ನ ತಕರಾರು ಇದೇ, ಕೇಳದೇ ಊರು ಗೊತ್ತಾಗುವುದಿಲ್ಲ. ಹೆಚ್ಚಿನ ದೇಶಗಳ ಒಣದ್ರಾಕ್ಷಿಗೆ ನಮ್ಮಲ್ಲಿ ಭಾರೀ ಆಮದು ಸುಂಕವಿದೆ. ಅಫ್ಘಾನಿಸ್ತಾನಕ್ಕೆ ಬೇರೆ ಲೆಕ್ಕ: 2003ರಲ್ಲೇ ಒಣಹಣ್ಣಿಗೆ ರಿಯಾಯ್ತಿ ಒಪ್ಪಂದವಾಯಿತು, ಆಮೇಲೆ ಸಾರ್ಕ್‌ನ ಬಡ ದೇಶವೆಂದು ಸುಂಕವೇ ಹೋಯಿತು. ಚೀನಾದ ಮಾಲು ಇದೇ ಹೆಸರು ಹೊತ್ತು ಒಳಗೆ ಬರುತ್ತದೆ ಅಂತ ನಮ್ಮ ಬೆಳೆಗಾರರ ದೂರು. ಸಂಜೆ ಕಟ್ಟೆ ಮೇಲೆ ಕೂತರೆ ಅಪ್ಪ ಮತ್ತು ಅವನ ಗೆಳೆಯರದು ಇದೇ ಮಾತು, ಎಲ್ಲದಕ್ಕೂ ಸುಂಕ ಜಡೀರಿ ಅಂತ.

ನನಗೆ ಅಷ್ಟು ಸಲೀಸಾಗಿ ಸಿಟ್ಟು ಬರುವುದಿಲ್ಲ. ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಮಣೂಕ. ಮಾರ್ಚಿನಲ್ಲಿ ಒಂದು ಅಡ್ಡಮಳೆ ಬಿದ್ದರೆ ಶೆಡ್ಡಿನಲ್ಲಿದ್ದದ್ದೆಲ್ಲ ಕಪ್ಪು. ಕಂದಹಾರದ ಕಡೆಯವರೂ ಕಿಶ್ಮಿಶ್ ಖಾನಾ ಅಂತ ಗೋಡೆ ತುಂಬ ಕಿಂಡಿ ಬಿಟ್ಟ ಮಣ್ಣಿನ ಮನೆ ಕಟ್ಟಿ, ನೆರಳಲ್ಲಿ ಗೊನೆ ತೂಗುಹಾಕಿ ಒಣಗಿಸುತ್ತಾರೆ. ಆ ರೈತ ನನ್ನ ಅಪ್ಪನ ವೈರಿಯೇನಲ್ಲ. ಹಾಗಂತ ಅಪ್ಪನ ಕೋಲ್ಡ್ ಸ್ಟೋರೇಜ್ ಬಾಡಿಗೆಯನ್ನು ಅವನು ಕಟ್ಟುವುದಿಲ್ಲ. ಗಡಿಯಲ್ಲಿ ಸುಂಕ ಎಷ್ಟಿರಬೇಕೋ ದಿಲ್ಲಿಯವರು ನೋಡಿಕೊಳ್ಳಲಿ, ಡಬ್ಬಿಗೆ ಒಂದು ಚೀಟಿ ಅಂಟಿಸಲು ಕಾಕಾಗೆ ಯಾರ ಅಪ್ಪಣೆ ಬೇಕು? 'ತಿಕೋಟಾ', 'ಕಂದಹಾರ', ಇಷ್ಟು ಬರೆದರೆ ಸಾಕು. ಅರವತ್ತು ರೂಪಾಯಿ ಹೆಚ್ಚು ಕೊಡಬೇಕೋ ಬೇಡವೋ ಗಿರಾಕಿ ತಾನೇ ತೀರ್ಮಾನಿಸುತ್ತಾನೆ. ಹೇಳಿದೆ. "ನೋಡೂಣ ತಗೋರಿ" ಅಂದರು. ಹದಿನೈದು ದಿನ ಬಿಟ್ಟು ಹೋದರೂ ಚೀಟಿ ಇರಲಿಲ್ಲ.

ಐದಕ್ಕೆ ಮೂರೂವರೆ. ಹೋದರೆ ಕೇಳಿಯೇ ತಗೊಳ್ಳಿ. ಬೆಳಿಗ್ಗೆ ಹತ್ತೂವರೆಗೆ ಮೊದಲು ಬಾಗಿಲು ತೆಗೆದಿರುವುದಿಲ್ಲ.

ಅವತ್ತು ಎರಡೂ ಅರ್ಧರ್ಧ ಕಿಲೋ ತಂದಿದ್ದೆ. ಅಪ್ಪ ಕಂದಹಾರದ್ದೊಂದು ಬಾಯಿಗೆ ಹಾಕಿಕೊಂಡು ಸುಮ್ಮನೆ ಅಗಿದ. "ಕಡ್ಡಿ ಚಲೋ ತಗದಾರ" ಅಂದು ಇನ್ನೊಂದು ಎತ್ತಿಕೊಂಡ.