ಮೈನಸ್ ಎಂಟರ ಚಷ್ಮಾ "ಒಂದ ತಾಸಿನ್ಯಾಗ ರೆಡಿ" ಅಂದ್ರೆ ಅಲ್ಲಿಂದ ಎದ್ದು ಬನ್ರಿ

ವಿಜಯಪುರದವರು, ಅದರಲ್ಲೂ ಕಣ್ಣಿನ ನಂಬರ್ ಜಾಸ್ತಿ ಇರುವವರು, ದಯವಿಟ್ಟು ಪೂರ್ತಿ ಓದ್ರಿ. ಗಾಂಧಿ ಚೌಕದ ಆಸುಪಾಸಿನ ಒಂದು ಅಂಗಡಿಯಲ್ಲಿ 6,200 ರೂಪಾಯಿ ಕೊಟ್ಟು ಮೋಸ ಹೋಗಿದ್ದೇನೆ. ನಿಂತಲ್ಲೇ ಐದು ನಿಮಿಷದಲ್ಲಿ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಅದಕ್ಕೇ ನಾಚಿಕೆ, ಅದಕ್ಕೇ ಸಿಟ್ಟು.

ಡಾಕ್ಟರ್ ಚೀಟಿಯಲ್ಲಿದ್ದದ್ದು: ಬಲಗಣ್ಣು −8.00, ಸಿಲಿಂಡರ್ −2.00, ಆಕ್ಸಿಸ್ 10. ಎಡಗಣ್ಣು −7.50, ಸಿಲಿಂಡರ್ −2.00, ಆಕ್ಸಿಸ್ 170. (ಸಿಲಿಂಡರ್ ಅಂದರೆ ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಹೆಚ್ಚಿನ ನಂಬರ್, ಆಕ್ಸಿಸ್ ಅಂದರೆ ಅದನ್ನ ಯಾವ ಕೋನಕ್ಕೆ ಕೂರಿಸಬೇಕು ಅನ್ನೋ ಅಂಕಿ.) ಪಿಡಿ, ಅಂದರೆ ಎರಡು ಪಾಪೆಗಳ ನಡುವಿನ ಅಂತರ, 61 ಮಿ.ಮೀ. ಮಾತಾಗಿದ್ದು 1.67 ಇಂಡೆಕ್ಸಿನ ತೆಳು ಗ್ಲಾಸಿಗೆ (ಇಂಡೆಕ್ಸ್ ದೊಡ್ಡದಾದಷ್ಟೂ ಗ್ಲಾಸು ತೆಳು) 4,800, ಫ್ರೇಮಿಗೆ 1,400. "ಬ್ಯಾರೆ ಕಡೆ ಎಂಟ್ ಸಾವಿರ ಹೇಳ್ತಾರ್ರಿ ಸರ್, ನಿಮಗಂತ ಮಾಡೇನಿ. ಚಾ ಕುಡದ ಬರ್ರಿ, ಒಂದ ತಾಸಿನ್ಯಾಗ ರೆಡಿ."

ಆ ಮಾತಿಗೇ ಎದ್ದು ಬರಬೇಕಿತ್ತು. ಅಂಗಡಿಯ ಡ್ರಾಯರಿನಲ್ಲಿ ತಯಾರಾಗಿ ಇರೋದು ಸಾಮಾನ್ಯವಾಗಿ ಸಣ್ಣ ನಂಬರಿನ ಗ್ಲಾಸು. ದೊಡ್ಡ ನಂಬರ್, ಮೇಲೆ ಸಿಲಿಂಡರ್, ಮೇಲೆ 1.67 ಅಂದರೆ ಲ್ಯಾಬಿಗೆ ಆರ್ಡರ್ ಹಾಕಿ ತರಿಸಬೇಕು, ನಾಲ್ಕೈದು ದಿನ ಆದರೂ ಬೇಕು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಚಾ ಕುಡಿಯಲು ಹೋದೆ.

ಬರಿಗಣ್ಣಿಗೆ ತನ್ನ ಕೈಬೆರಳೇ ಮಸುಕಾಗಿ ಕಾಣುವವರಿಗೆ ಸಿಲಿಂಡರ್ ಇಲ್ಲದ ಗ್ಲಾಸ್ ಹಾಕಿದರೂ ಮೊದಲ ಕ್ಷಣಕ್ಕೆ "ಹಾಂ, ಕಾಣ್ತು" ಅನಿಸಿಬಿಡುತ್ತದೆ. ಅಂಗಡಿಯವರು ನೆಚ್ಚಿಕೊಂಡಿರೋದೇ ಆ ಕ್ಷಣವನ್ನ. ದುಡ್ಡು ಕೊಟ್ಟು ಹೊರಗೆ ಬಂದು ನೋಡಿದರೆ ಇಂಡಿ ಊರಿಗೆ ಹೋಗುವ ಬಸ್ಸಿನ ಬೋರ್ಡಿನ ಅಕ್ಷರಕ್ಕೆಲ್ಲ ನೆರಳು. ಸಂಜೆಗೆ ಹುಬ್ಬಿನ ಮೇಲೆ ನೋವು ಶುರು.

ಫೋನ್ ಮಾಡಿದರೆ, "ಹೊಸಾ ಚಷ್ಮಾ ಐತ್ರಿ, ಎಂಟ್ ದಿನಾ ಹಾಕ್ರಿ, ಕಣ್ಣ ಸೆಟ್ ಆಗ್ತಾವ." ಎಂಟು ದಿನ ಹಾಕಿದೆ!

ಒಂಬತ್ತನೇ ದಿನ ಮಾಡಿದ್ದನ್ನ ನೀವು ಮೊದಲ ದಿನವೇ, ಅಂಗಡಿಯಲ್ಲೇ ಮಾಡ್ರಿ. ಹಳೆ ಚಷ್ಮಾ ಹಾಕಿಕೊಂಡು, ಹೊಸದನ್ನ ಕೈ ಚಾಚಿ ಹಿಡಿದು, ಅದರ ಒಂದು ಗ್ಲಾಸಿನ ಮೂಲಕ ಬಾಗಿಲ ಚೌಕಟ್ಟಿನ ನೆಟ್ಟನೆ ಗೆರೆ ನೋಡಬೇಕು. ಹಾಗೇ ಹಿಡಿದು ಚಷ್ಮಾವನ್ನ ಗಡಿಯಾರದ ಮುಳ್ಳಿನಂತೆ ಆಕಡೆ ಈಕಡೆ ತಿರುಗಿಸಿ. ಸಿಲಿಂಡರ್ ಇದ್ದರೆ ಗ್ಲಾಸಿನೊಳಗಿನ ಗೆರೆ ಹೊರಗಿನ ಗೆರೆಯಿಂದ ಕತ್ತರಿಯ ಅಲಗಿನಂತೆ ಓರೆಯಾಗುತ್ತದೆ. ಇದರಲ್ಲಿ ಗೆರೆ ಅಲ್ಲಾಡಲಿಲ್ಲ. ಬಲದ ಗ್ಲಾಸು ತಿರುಗಿಸಿದೆ, ಎಡದ್ದು ತಿರುಗಿಸಿದೆ. ಗೆರೆ ನೆಟ್ಟಗೇ ನಿಂತಿತ್ತು.

ಬೇರೆ ಅಂಗಡಿಯಲ್ಲಿ ಲೆನ್ಸೋಮೀಟರಿಗೆ, ಅಂದರೆ ಗ್ಲಾಸಿನ ನಂಬರ್ ಅಳೆಯುವ ಮಶೀನಿಗೆ, ಇಡಿಸಿ ಪ್ರಿಂಟ್ ತೆಗೆಸಿದೆ. ಬಲ −9.00, ಎಡ −8.50, ಸಿಲಿಂಡರ್ ಸೊನ್ನೆ. ಈ ಅಂಕಿ ನೋಡಿದಾಗಲೇ ನನಗೆ ಮೈ ಉರಿದದ್ದು. ಸಿಲಿಂಡರ್ ಮರೆತಿದ್ದರೆ −8.00, −7.50 ಬರಬೇಕಿತ್ತು. ಇವರು −2.00ರ ಅರ್ಧ, ಅಂದರೆ −1.00 ತೆಗೆದು ಮೇಲಿನ ನಂಬರಿಗೆ ಕೂಡಿಸಿದ್ದಾರೆ. ಕೂತು ಲೆಕ್ಕ ಹಾಕಿ ಮಾಡಿದ ಕೆಲಸ ಇದು. ಸಣ್ಣ ಸಿಲಿಂಡರಿಗೆ ಕೆಲವು ಸಲ ಹೀಗೆ ಕೂಡಿಸೋದುಂಟು, ಅದೂ ಡಾಕ್ಟರ್ ಹೇಳಿದರೆ. −2.00ಕ್ಕೆ ಯಾರೂ ಮಾಡಲ್ಲ.

(ನಿಮ್ಮ ಪ್ರಿಂಟಿನಲ್ಲಿ −10.00, ಸಿಲಿಂಡರ್ +2.00, ಆಕ್ಸಿಸ್ 100 ಅಂತ ಬಂದರೆ ಜಗಳಕ್ಕೆ ಹೋಗಬೇಡಿ. ಅದು −8.00, −2.00, 10 ಅನ್ನೋದನ್ನೇ ಇನ್ನೊಂದು ರೀತಿ ಬರೆದದ್ದು.)

ಪ್ರಿಂಟ್ ಹಿಡಿದು ಹೋದೆ. "ಅವರ ಮಶೀನ್ ಸರಿ ಇಲ್ರಿ." ಹಂಗಾದ್ರ ನಿಮ್ಮ ಮಶೀನಿಗೇ ಇಡ್ರಿ ಅಂದೆ. "ಮಶೀನ್ ನೋಡು ಹುಡುಗ ಊಟಕ್ಕ ಹೋಗ್ಯಾನ್ರಿ." ಗ್ಲಾಸ್ ಬಂದ ಕವರ್ (ನಂಬರ್, ಇಂಡೆಕ್ಸ್ ಅದರ ಮೇಲೆ ಇರುತ್ತದೆ) ಕೊಡ್ರಿ ಅಂದೆ. "ಒಗದೇವ್ರಿ." ಕೊನೆಗೆ ಬಂದ ಮಾತು ಇದು: "ಈ ನಂಬರಿಗೆ ಸಿಲಿಂಡರ್ ಹಾಕಿದ್ರ ಗ್ಲಾಸ್ ದಪ್ಪ ಆಗ್ತಿತ್ರಿ ಸರ್, ನಿಮ್ಮ ಸಲುವಾಗೇ ತಗದೇವಿ." ನನ್ನ ಸಲುವಾಗಿ! ಅಲ್ಲಿ ಕೂತಿದ್ದ ಬೇರೆ ಗಿರಾಕಿಗಳು ನನ್ನನ್ನೇ ತಕರಾರಿನವನು ಅನ್ನೋ ಹಾಗೆ ನೋಡಿದರು.

ದಪ್ಪದ ಮಾತಿಗೆ ಬಂದರೆ ಅದೂ ಮೋಸವೇ. ವರ್ನಿಯರ್ ಇಟ್ಟು ಅಳೆದಾಗ ಹೊರ ಅಂಚು 8.5 ಮಿ.ಮೀ. ನಿಜವಾದ 1.67 ಆಗಿದ್ದರೆ ಅದೇ ಜಾಗದಲ್ಲಿ ಸುಮಾರು 7 ಇರಬೇಕಿತ್ತು. ಹಾಕಿದ್ದು 1.56ರ ಸ್ಟಾಕ್ ಗ್ಲಾಸು, ಅಂದರೆ ಮೊದಲೇ ತಯಾರಾಗಿ ಇಟ್ಟದ್ದು. ಇನ್ನು ಎರಡು ಗ್ಲಾಸುಗಳ ಸೆಂಟರ್ ನಡುವಿನ ಅಂತರ 61 ಇರಬೇಕಾದಲ್ಲಿ 67. ಯಾಕೆ ಅಂದ್ರೆ ಫ್ರೇಮ್ 54-18 (ಒಂದು ಗ್ಲಾಸಿನ ಅಗಲ 54, ಮೂಗಿನ ಸೇತುವೆ 18 ಮಿ.ಮೀ.), ಸ್ಟಾಕ್ ಗ್ಲಾಸಿನ ಅಗಲ 65 ಮಿ.ಮೀ. ಸೆಂಟರನ್ನ ಪಾಪೆಯ ನೇರಕ್ಕೆ ತಂದರೆ ಹೊರಗಿನ ಅಂಚಿಗೆ ಗ್ಲಾಸು ಸಾಲದು, ಅದಕ್ಕೆ ಸೆಂಟರನ್ನೇ ಹೊರಗೆ ತಳ್ಳಿ ಕೊರೆದಿದ್ದಾರೆ. ಈ ನಂಬರಿಗೆ 6 ಮಿ.ಮೀ. ತಪ್ಪಿದರೆ ಸುಮಾರು 5 ಪ್ರಿಸಮ್ (ನೋಟ ಪಕ್ಕಕ್ಕೆ ಸರಿಯುವುದರ ಅಳತೆ) ಎಳೆತ. ತಲೆನೋವು ಬಂದದ್ದು ಸುಮ್ಮನೆ ಅಲ್ಲ.

ದುಡ್ಡು ಉಳಿಸಬೇಕು ಅನ್ನುವವರು ಇಂಡೆಕ್ಸಿಗಿಂತ ಮೊದಲು ಫ್ರೇಮ್ ನೋಡ್ರಿ. ಕಿವಿಗೆ ಸಿಕ್ಕಿಸುವ ಕಾಡಿಯ ಒಳಗೆ 54-18, 46-20 ಅಂತ ಬರೆದಿರುತ್ತದೆ: ಒಂದು ಗ್ಲಾಸಿನ ಅಗಲ, ಮೂಗಿನ ಸೇತುವೆ. ಎರಡೂ ಕೂಡಿದರೆ ಬರುವ ಅಂಕಿ ನಿಮ್ಮ ಪಿಡಿಗೆ ಹತ್ತಿರ ಇದ್ದಷ್ಟೂ ಅಂಚು ತೆಳು. −9ಕ್ಕೆ ದೊಡ್ಡ 54ರ ಫ್ರೇಮಿನಲ್ಲಿ ದುಬಾರಿ 1.67 ಹಾಕಿದರೂ, ಸೆಂಟರನ್ನ ಪಾಪೆಯ ನೇರಕ್ಕೆ ಸರಿಯಾಗಿ ಇಟ್ಟರೆ, ಅಂಚು 8 ದಾಟುತ್ತದೆ. 46ರ ದುಂಡು ಫ್ರೇಮಿನಲ್ಲಿ ಸಾದಾ 1.56 ಹಾಕಿದರೆ 7ರೊಳಗೇ ಮುಗಿಯುತ್ತದೆ. ಇದನ್ನ ಯಾವ ಅಂಗಡಿಯವರೂ ತಾವಾಗಿ ಹೇಳಲ್ಲ. ನೀಲಿ ಬೆಳಕು ತಡೆಯುವ ಬ್ಲೂ ಕಟ್‌ಗೆ ಹೆಚ್ಚು ಕೊಡಬೇಡಿ, ಗ್ಲೇರ್ ಕಮ್ಮಿ ಮಾಡುವ ಎಆರ್ ಕೋಟಿಂಗ್ ಸಾಕು.

ಪಕ್ಕಾ ಬಿಲ್ ಕೇಳಿದಾಗ "18 ಪರ್ಸೆಂಟ್ ಜಾಸ್ತಿ ಆಗ್ತೈತ್ರಿ" ಅಂದಿದ್ದರು. ಸುಳ್ಳು. ನಂಬರ್ ಚಷ್ಮಾದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 5 ಪರ್ಸೆಂಟ್. ಇಂಡೆಕ್ಸ್, ಪೂರ್ತಿ ನಂಬರ್, ಕೋಟಿಂಗ್ ಬಿಲ್ಲಿನಲ್ಲಿ ಬರೆಸಿ. ಗ್ಲಾಸಿನ ಕವರ್ ಇಸಕೊಳ್ರಿ. ಲೆನ್ಸೋಮೀಟರ್ ಪ್ರಿಂಟ್ ನೋಡದೆ ಬಾಕಿ ಕೊಡಬೇಡಿ. ಸಣ್ಣ ಮಕ್ಕಳದ್ದಾದರೆ ಇನ್ನೂ ಹುಷಾರ್: ಏಳೆಂಟು ವರ್ಷದೊಳಗಿನ ಮಗುವಿಗೆ ದೊಡ್ಡ ಸಿಲಿಂಡರ್ ಬಿಟ್ಟು ಚಷ್ಮಾ ಕೊಟ್ಟರೆ ಆ ಕಣ್ಣಿನ ದೃಷ್ಟಿ ಸರಿಯಾಗಿ ಬೆಳೆಯದೇ ಉಳಿಯಬಹುದು. ಮಗು ಬಾಯಿಬಿಟ್ಟು ಹೇಳಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, 5 ಲಕ್ಷದವರೆಗಿನ ದೂರಿಗೆ ಫೀ ಇಲ್ಲ. ನನ್ನ ಹತ್ತಿರ ಇರೋದು "ಲೆನ್ಸ್+ಫ್ರೇಮ್ 6,200" ಅಂತ ಬರೆದ ಕಚ್ಚಾ ಚೀಟಿ, ಲೆನ್ಸೋಮೀಟರ್ ಪ್ರಿಂಟ್, ಆ ಚಷ್ಮಾ. ಈಗ ಹಾಕಿರೋದು ಬೇರೆ ಕಡೆ ಮಾಡಿಸಿದ 46-20 ಫ್ರೇಮ್, 1.56, ಸಿಲಿಂಡರ್ ಸಮೇತ. ಆರು ದಿನ ಹಿಡಿಯಿತು, 2,600 ರೂಪಾಯಿ. ಬಾಗಿಲ ಗೆರೆ ಓರೆಯಾಗೋದನ್ನ ನೋಡಿಯೇ ದುಡ್ಡು ಎಣಿಸಿದೆ.