ಹೆಡ್‌ಫೋನ್ ಸಂಗೀತವೋ, ಟೀಚರ್ ಕೊರಳಿನ ಮೈಕೋ?

ಕಿವಿ ಪರೀಕ್ಷೆಯಲ್ಲಿ ಎಲ್ಲಾ ಸರಿ ಇದೆ. ಆದರೂ ಗದ್ದಲದಲ್ಲಿ ಹೇಳಿದ್ದು ಮಗುವಿಗೆ ಅರ್ಥ ಆಗಲ್ಲ. ಕಿವಿಗೆ ಬಿದ್ದದ್ದನ್ನು ಮಿದುಳು ಸರಿಯಾಗಿ ಗ್ರಹಿಸದ ಇಂಥ ತೊಂದರೆಗೆ ‘ಆಡಿಟರಿ ಪ್ರೊಸೆಸಿಂಗ್ ಡಿಸಾರ್ಡರ್’ ಅನ್ನುತ್ತಾರೆ. ಇಂಥ ಮಗುವಿಗೆ ಏನು ಮಾಡಿಸೋದು?

ಹೆಚ್ಚು ಆಸೆ ಹುಟ್ಟಿಸುವುದು ಸಂಗೀತ ಚಿಕಿತ್ಸೆ. ಫ್ರಾನ್ಸ್‌ನ ವೈದ್ಯ ಗೀ ಬೆರಾರ್ ರೂಪಿಸಿದ ಪದ್ಧತಿಯಲ್ಲಿ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ, 10 ದಿನ, ಮಾರ್ಪಡಿಸಿದ ಸಂಗೀತ ಕೇಳಿಸುತ್ತಾರೆ. ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2004ರಲ್ಲೇ ಇದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದಿತು. ನಾನಂತೂ ಇದಕ್ಕೆ ದುಡ್ಡು ಹಾಕಿ ಅನ್ನಲ್ಲ.

ಕಂಪ್ಯೂಟರ್ ಆಟಗಳು? 2008ರ ಒಂದು ಅಧ್ಯಯನದಲ್ಲಿ ಭಾಷಾ ತೊಂದರೆಯ 216 ಮಕ್ಕಳಿದ್ದರು. ಕಿವಿ ತರಬೇತಿಯ ಆಟ ಆಡಿದವರು ಸುಧಾರಿಸಿದರು, ನಿಜ. ಆದರೆ ಗಣಿತ, ವಿಜ್ಞಾನದ ಆಟ ಆಡಿದವರೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿದರು! ‘ನಮ್ಮ ಮಗು ಚುರುಕಾಯ್ತು’ ಅನ್ನೋ ಒಂದೇ ಮಾತು ಪುರಾವೆ ಆಗದಿರುವುದು ಇದಕ್ಕೇ.

ಮೈಕ್ ವ್ಯವಸ್ಥೆ ಬೇರೆ ತರಹ. ಟೀಚರ್ ಕೊರಳಲ್ಲಿ ಮೈಕ್, ಮಗುವಿನ ಕಿವಿಯಲ್ಲಿ ಪುಟ್ಟ ರಿಸೀವರ್. ಹಿಂದಿನ ಬೆಂಚಿನಲ್ಲಿದ್ದರೂ ಮಾತು ಹತ್ತಿರದಿಂದ ಬಂದಂತೆ ಕೇಳುತ್ತದೆ. ಹಾಕಿಕೊಂಡಾಗ ಗದ್ದಲದಲ್ಲೂ ಮಾತು ಚೆನ್ನಾಗಿ ತಿಳಿಯುತ್ತದೆ ಅನ್ನೋದಕ್ಕೆ ಆಧಾರ ಗಟ್ಟಿಯಾಗಿದೆ. ಬೆಲೆ ಮಾತ್ರ ಜಾಸ್ತಿ.

ನಮ್ಮ ಕಲಬುರಗಿ ಕಡೆಯ ಶಾಲೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ, ಬರಿ ಗೋಡೆ. ದನಿ ಬಡಿದು ವಾಪಸ್ ಬರುತ್ತದೆ. ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಆರಿಸಿ ಅನ್ನೋಕಾಗುತ್ತಾ? ಆದರೆ ಜಮಖಾನ ಹಾಸಬಹುದು, ಮಗುವನ್ನು ಮುಂದೆ ಕೂರಿಸಬಹುದು.

ಯಾವುದಕ್ಕೂ ಮೊದಲು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಈ ತೊಂದರೆ ಇದೆಯಾ ಅಂತ ನೋಡುವ ಸರಿಯಾದ ಪರೀಕ್ಷೆ ಆಗಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೂರ, ಆದರೂ ಹೋಗಿಬರುವಂಥ ಜಾಗ. 7 ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಈ ಪರೀಕ್ಷೆಯ ಫಲಿತಾಂಶ ನಂಬೋದು ಸಾಮಾನ್ಯವಾಗಿ ಕಷ್ಟ.