ಡೊಂಬಿವ್ಲಿಯಲ್ಲಿ ಮನೆಗೇ ಬಂದು ರಕ್ತ ತೆಗೆಯುವ ಸೇವೆ: ಹುಡುಗನಿಗೆ ಪೂರ್ತಿ ಅಂಕ, ಆಪ್‌ಗಲ್ಲ

ನಾಲ್ಕು ಸ್ಟಾರ್. ಕಳೆದದ್ದು ಆಪ್‌ನ ಲೆಕ್ಕಕ್ಕೆ.

ನನ್ನ ತಮ್ಮನಿಗೆ ಆಟಿಸಂ. ಇಪ್ಪತ್ತು ದಾಟಿದ ಹುಡುಗ, ಮಾತು ಕಮ್ಮಿ. ದೋಸೆ ಕಾವಲಿ ತಾಗಿ ಬೊಬ್ಬೆ ಎದ್ದರೂ ಉಸಿರೆತ್ತುವುದಿಲ್ಲ. ಬನಿಯನ್ನಿನ ಲೇಬಲ್ ಕುತ್ತಿಗೆಗೆ ತಾಗಿದರೆ ಬಿಲ್ಡಿಂಗಿಗೆಲ್ಲ ಕೇಳುವ ಹಾಗೆ ಕಿರುಚುತ್ತಾನೆ. "ಅವನಿಗೆ ನೋವೇ ಗೊತ್ತಾಗಲ್ಲ ಅಲ್ವಾ?" ಅನ್ನುವ ನೆಂಟರಿದ್ದಾರೆ. ಹಿಂದೊಮ್ಮೆ ಬೇರೊಂದು ಲ್ಯಾಬಿನವರು ಅದನ್ನೇ ನಂಬಿ, ಇಬ್ಬರು ಕೈ ಒತ್ತಿಹಿಡಿದು ಚುಚ್ಚಿದ್ದರು. ಆಮೇಲೆ ಅವನು ಆ ರಸ್ತೆಗೇ ಕಾಲಿಡಲಿಲ್ಲ.

ಈ ಸಲ ರಕ್ತ ತೆಗೆಯಲು ಬಂದವನು ಮರಾಠಿ ಹುಡುಗ. ಚಪ್ಪಲಿ ಬಿಡುತ್ತಲೇ ಕೇಳಿದ: "ತಾಈ, ಇವನಿಗೆ ಯಾವುದರ ತ್ರಾಸ ಜಾಸ್ತಿ, ಸೂಜಿಯದೋ ರಬ್ಬರ್ ಪಟ್ಟಿಯದೋ?" ಪಟ್ಟಿಯದು ಅಂದೆ. ಶರ್ಟಿನ ತೋಳಿನ ಮೇಲೆಯೇ ಕಟ್ಟಿದ. ಈ ಒಂದು ಪ್ರಶ್ನೆಗೇ ಸ್ಟಾರ್ ಕೊಡಬಹುದು.

ನಾನು ಜೂನಿಯರ್ ಕಾಲೇಜಿನಲ್ಲಿ ಬಯಾಲಜಿ ಮೇಡಂ, ಸ್ವಲ್ಪ ಪಾಠ ಸಹಿಸಿಕೊಳ್ಳಿ. ಕೈಕಾಲಿನ ಸ್ಪರ್ಶದ ನರ, ನೋವಿನ ನರ ಎರಡೂ ಬಂದು ಸೇರುವುದು ಬೆನ್ನುಹುರಿಗೆ. ಅದರ ಹಿಂಭಾಗದಲ್ಲಿ ಗಾಬಾ, ಗ್ಲೈಸಿನ್ ಎಂಬ ರಾಸಾಯನಿಕ ಸೂಸುವ ನ್ಯೂರಾನ್‌ಗಳು, ಅಂದರೆ ನರಕೋಶಗಳಿವೆ. ಮೆದುಳಿಗೆ ಹೋಗುವ ಸಂಕೇತದ ಜೋರು ತಗ್ಗಿಸುವುದು ಅವುಗಳ ಕೆಲಸ. ಆಟಿಸಂಗೆ ನಂಟಿರುವ ಜೀನ್ ಕೆಟ್ಟ ಇಲಿಗಳಲ್ಲಿ ಸ್ಪರ್ಶದ ನರಗಳ ಮೇಲಿನ ಈ ಬ್ರೇಕು ಸಡಿಲವಾಗಿರುವುದನ್ನು 2016ರಲ್ಲಿ ಹಾರ್ವರ್ಡ್‌ನವರು ತೋರಿಸಿದರು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದಿಂದ ಇನ್ನೊಂದು ಸುದ್ದಿ: ಶ್ಯಾಂಕ್3 ಜೀನ್ ಇಲ್ಲದ ಇಲಿಗಳಲ್ಲಿ ಬಿಸಿಯನ್ನೂ ಮೆಣಸಿನ ಖಾರವನ್ನೂ ಗುರುತಿಸುವ ಟಿಆರ್‌ಪಿವಿ1 ಎಂಬ ಪ್ರೋಟೀನ್ ಮಂಕು, ಹಾಗಾಗಿ ಗಾಯದ ಮೇಲೆ ಬಿಸಿ ತಾಗಿದರೂ ಉರಿ ಏರುವುದಿಲ್ಲ. 2018ರಲ್ಲಿ ಸಿಎನ್‌ಟಿಎನ್‌ಎಪಿ2 ಜೀನ್ ಇಲ್ಲದ ಇಲಿಗಳಲ್ಲಿ ಕಂಡದ್ದು ತದ್ವಿರುದ್ಧ, ನೋವೇ ಹೆಚ್ಚು. ಇಲಿಯ ಮಾತು ಇಲಿಗೆ, ನನ್ನ ತಮ್ಮನ ಬೆನ್ನುಹುರಿಯೊಳಗೆ ಯಾರೂ ಇಣುಕಿಲ್ಲ. ಆದರೂ ಮುಖ ನೋಡಿ ನೋವು ಅಳೆಯುವವರಿಗೆ ಇಷ್ಟು ಹೇಳಲೇಬೇಕು.

ಡಾಕ್ಟರು ಬರೆದುಕೊಟ್ಟಿದ್ದ ಚರ್ಮ ಮರಗಟ್ಟಿಸುವ ಲಿಡೊಕೇನ್-ಪ್ರಿಲೊಕೇನ್ ಮುಲಾಮನ್ನು ಒಂದು ತಾಸು ಮೊದಲೇ ಹಚ್ಚಿ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೆ. ಅದು ಚರ್ಮದ ನರತುದಿಗಳ ಸೋಡಿಯಂ ಚಾನೆಲ್, ಅಂದರೆ ನರದ ಸಂಕೇತ ಹುಟ್ಟಿಸುವ ಬಾಗಿಲು ಮುಚ್ಚುತ್ತದೆ, ಚುಚ್ಚಿದ ಸುದ್ದಿ ಬೆನ್ನುಹುರಿಯ ಕಡೆ ಹೊರಡುವುದೇ ಇಲ್ಲ. ರಂಪವಾದದ್ದು ಹಾಳೆ ಕೀಳುವಾಗ! ಲ್ಯಾಬಿನ ಹುಡುಗ ಅವಸರ ಮಾಡಲಿಲ್ಲ. ಹತ್ತಿ ಒದ್ದೆ ಮಾಡಿ ಅಂಚು ಸಡಿಲಿಸುತ್ತ ಕೂತ. ಸೂಜಿ ಒಳಹೋದಾಗ ನನ್ನ ತಮ್ಮ ಫ್ಯಾನ್ ನೋಡುತ್ತಿದ್ದ. ಕೊನೆಗೆ ಆ ಹುಡುಗ ಬ್ಯಾಂಡೇಜ್ ಬೇಡವೆಂದು ತಮ್ಮನ ಬೆರಳಿನಿಂದಲೇ ಹತ್ತಿ ಒತ್ತಿಸಿದ.

ಇನ್ನು ಆಪ್. ಏಳು ಗಂಟೆಯ ಸ್ಲಾಟ್ ಅಂದು ಎಂಟೂವರೆಗೆ ಕಳಿಸಿದರು, ಅದೂ ಖಾಲಿ ಹೊಟ್ಟೆಯ ಟೆಸ್ಟಿಗೆ. ರೋಗಿಯ ಬಗ್ಗೆ ಎರಡು ಸಾಲು ಬರೆಯಲು ಜಾಗವೇ ಇಲ್ಲ. ರಿಪೋರ್ಟ್ ಸಂಜೆಗೇ ಬಂತು. ಇದೇ ಹುಡುಗ ಬೇಕೆಂದರೆ ಆಪ್‌ನಲ್ಲಿ ಆರಿಸಲು ಬರುವುದಿಲ್ಲ, ಸೆಂಟರಿಗೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಡಿ.